ಸಾಬಣ್ಣನ ಗಪ್

ಕಾಗಿಣಾ ಹೊಳೆಯ ದಂಡೆಯವರು ಮಕ್ಕಳಿಗೆ ಈಜು ಕಲಿಸುವ ಮೊದಲು ಕೇಳುವುದನ್ನು ಕಲಿಸುತ್ತಾರೆ. ಸಾಬಣ್ಣನಿಗೂ ಅವನ ಅಪ್ಪ ಹಾಗೇ ಕಲಿಸಿದ. ಹೆಗಲ ಮೇಲೆ ಬಲೆ ಹಾಕಿಕೊಂಡು, ಮಗನ ಕೈ ಹಿಡಿದು ನೀರಿನ ಅಂಚಿಗೆ ನಿಲ್ಲಿಸಿ ಹೇಳಿದ್ದ: "ಹೊಳಿ ಬಡಬಡ ಮಾತಾಡಾಕತ್ತದ ಅಂದ್ರ ಮೊಣಕಾಲಮಟ ನೀರು, ಅಂಜಬ್ಯಾಡ. ಗಪ್ ಆಗ್ಯದ ಅಂದ್ರ ಅಲ್ಲಿ ಮಡು ಅದ. ಗಪ್ ಇದ್ದಲ್ಲಿ ಕಾಲಿಡಬ್ಯಾಡ ಮಗನ."

ಸಾಬಣ್ಣ ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ. ಅಲ್ಲಿ ಕಲಿತದ್ದರಲ್ಲಿ ಅರ್ಧ ಮರೆತುಹೋಯಿತು. ಹೊಳೆಯ ದಂಡೆಯಲ್ಲಿ ಕಲಿತ ಈ ಒಂದು ಮಾತು ಮಾತ್ರ ಮರೆಯಲಿಲ್ಲ.

ಸೇಡಂನಿಂದ ಚಿತ್ತಾಪುರದ ಕಡೆ ಹೋಗುವಾಗ ಬಲಕ್ಕೆ ಕಾಣುವ ಸೂರ್ಯಕೋಟಿ ಸಿಮೆಂಟ್ ಕಂಪನಿಗೆ ಅವನು ಗುತ್ತಿಗೆ ಕೂಲಿಯಾಗಿ ಸೇರಿದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಟಾವರ್ ಮೇಲೆ ಹಾಕಿದರು. ಟಾವರ್ ಎಂದರೆ ಭಟ್ಟಿಗೆ ಹೋಗುವ ಕಲ್ಲಿನ ಹಿಟ್ಟನ್ನು ಮೊದಲೇ ಕಾಯಿಸುವ ಆರು ಮಾಳಿಗೆಯ ಕಬ್ಬಿಣದ ಕಟ್ಟಡ. ಪ್ರತಿ ಮಾಳಿಗೆಯಲ್ಲೂ ಮನೆಯಷ್ಟು ದೊಡ್ಡ ಲಾಳಿಕೆಗಳಿರುತ್ತವೆ, ಅವಕ್ಕೆ ಸೈಕ್ಲೋನ್ ಎನ್ನುತ್ತಾರೆ. ಅವುಗಳಲ್ಲಿ ಕೆಂಡದಂಥ ಹಿಟ್ಟು ಮೇಲಿಂದ ಕೆಳಗೆ ಇಳಿಯುತ್ತದೆ. ಲಾಳಿಕೆಯ ಬಾಯಲ್ಲಿ ಒಂದು ಮುಚ್ಚಳ, ಮುಚ್ಚಳಕ್ಕೆ ಹೊರಗಡೆ ಜೋತುಬಿದ್ದ ಕಬ್ಬಿಣದ ಗುಂಡು. ಹಿಟ್ಟು ಇಳಿದಾಗಲೆಲ್ಲ ಗುಂಡು ಮೇಲೆದ್ದು ಕೆಳಗೆ ಬಡಿಯುತ್ತದೆ. ಟಣ್, ಟಣ್. ಇಡೀ ದಿನ ಟಣ್, ಟಣ್.

ಒಮ್ಮೊಮ್ಮೆ ಹಿಟ್ಟು ಒಳಗೆ ಕಟ್ಟಿಕೊಳ್ಳುತ್ತದೆ. ಆಗ ಒಬ್ಬ ಮನುಷ್ಯ ಪಕ್ಕದ ಸಣ್ಣ ಬಾಗಿಲು ತೆರೆದು, ಉದ್ದನೆಯ ಸಲಾಕೆ ಹಾಕಿ ಕುಕ್ಕಬೇಕು. ಆ ಮನುಷ್ಯ ಸಾಬಣ್ಣ. ಇಪ್ಪತ್ತಾರು ವರ್ಷ ಅದೇ ಕೆಲಸ. ಗುಂಡು ಸ್ವಲ್ಪವಾದರೂ ಬಡಿಯುತ್ತಿದ್ದರೆ ಅವನು ಬಾಗಿಲು ತೆರೆಯುತ್ತಿದ್ದ. ಪೂರ್ತಿ ನಿಂತರೆ ಸಲಾಕೆ ಬಿಸಾಕಿ ಕೂಗುತ್ತಿದ್ದ: "ಗಪ್ ಆತು! ಇಳೀರಿ ಎಲ್ಲಾರೂ!" ಒಳಗೆ ಮಡು ಆಗಿದೆ, ಬಾಗಿಲು ತೆರೆದರೆ ಬೆಂಕಿ ನೀರಿನಂತೆ ಹರಿದು ಬರುತ್ತದೆ. ಮೊದಲು ಭಟ್ಟಿ ಬಂದ್ ಆಗಬೇಕು, ಹಿಟ್ಟು ನಿಲ್ಲಬೇಕು, ಆಮೇಲೆ ಬಾಗಿಲ ಮಗ್ಗುಲಿಗೆ ನಿಂತು ತೆರೆಯಬೇಕು. ಇಂಜಿನಿಯರುಗಳು ಮೊದಮೊದಲು ಬೈದರು, ಭಟ್ಟಿ ಬಂದ್ ಮಾಡಿದರೆ ಲುಕ್ಸಾನು ಎಂದರು. ಸಾಬಣ್ಣ ಅವರಿಗಿಂತ ಜೋರಾಗಿ ಬೈದ. ಅವನ ಸಿಟ್ಟು ಭಟ್ಟಿಗಿಂತ ಬಿಸಿ ಎಂದು ಹೆಸರಾಯಿತು. ಅವನ ಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಯಾರೂ ಸುಡಲಿಲ್ಲ.

ಹೋದ ವರ್ಷ ಹೈದರಾಬಾದಿನ ದೊಡ್ಡ ಆಫೀಸಿನಿಂದ ಜನ ಬಂದರು. ಕಂಪನಿಗೆ ದೇಶದ ತುಂಬ ಹನ್ನೊಂದು ಕಾರ್ಖಾನೆಗಳು, ಎಲ್ಲಕ್ಕೂ ಸೇರಿ ಒಂದು ಹೊಸ ಯೋಜನೆ, ಹೆಸರು 'ಅನುಭವ ಕಣಜ'. ಹಳೆಯ ಕೆಲಸಗಾರರ ತಿಳಿವಳಿಕೆಯನ್ನೆಲ್ಲ ಟ್ಯಾಬಿಗೆ ತುಂಬುವುದು, ಹೊಸಬರು ಬೆರಳಿನಿಂದ ಒತ್ತಿ ಓದಿಕೊಳ್ಳುವುದು. ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂಡಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು ಹೇಳಿದರು: ಒಬ್ಬರ ತಲೆಯಲ್ಲಿರುವುದು ಇನ್ನು ಮೇಲೆ ಎಲ್ಲರ ಕೈಯಲ್ಲಿ.

ಸಾಬಣ್ಣ ಎದ್ದು ನಿಂತು ಕೇಳಿದ: "ಎಲ್ಲಾ ತಕ್ಕೊಂಡ ಮ್ಯಾಲ ಆ ಖಾಲಿ ತಲಿ ಏನ್ ಮಾಡ್ತೀರಿ ಸಾಹೇಬ್ರ?"

ಟಾವರಿನ ಇಂಜಿನಿಯರ್ ಕಾಶೀನಾಥ ಹಿಂದಿನಿಂದ ನಕ್ಕು ಹೇಳಿದ: "ತಲಿ ನಿಂದೇ ಅದನೋ ಸಾಬಣ್ಣ, ಮನಿಗೆ ಒಯ್ಯಿ!" ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಸಾಬಣ್ಣನೂ ನಕ್ಕ.

ಅವನ ತಿಳಿವಳಿಕೆ ತುಂಬಿಕೊಳ್ಳಲು ಬಂದವಳು ಅತೀಯಾ. ವಾಡಿಯ ಹುಡುಗಿ, ಡಿಪ್ಲೊಮಾ ಓದಿ ಆ ವರ್ಷವಷ್ಟೇ ಸೇರಿದ್ದಳು. ಟ್ಯಾಬ್ ಮುಂದಿಟ್ಟು, "ಕಾಕಾ, ನೀವು ಮಾತಾಡ್ರಿ ಸಾಕು, ಇದು ತಾನೇ ಬರಕೊಂತದ" ಎಂದಳು. ಸಾಬಣ್ಣ ಟ್ಯಾಬಿನ ಹಿಂದೆ ಮುಂದೆ ತಿರುಗಿಸಿ ನೋಡಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಇಪ್ಪತ್ತಾರು ವರ್ಷದಲ್ಲಿ ಕಂಪನಿಯವರು ಯಾರೂ 'ನಿನಗೇನು ಗೊತ್ತು' ಎಂದು ಅವನನ್ನು ಕೇಳಿರಲಿಲ್ಲ. ಈಗ ಒಬ್ಬಳು ಓದಿದ ಹುಡುಗಿ ಎದುರಿಗೆ ಕುಳಿತು ಕೇಳುತ್ತಿದ್ದಳು. ಮನುಷ್ಯ ಹೊಳೆಯ ಹಾಗೆ ಹರಿದ.

ಪ್ರತಿ ಮಾತನ್ನೂ ಟ್ಯಾಬ್ ತನ್ನ ಕನ್ನಡದಲ್ಲಿ ಬರೆಯುತ್ತಿತ್ತು. ಅತೀಯಾ ಓದಿ ಹೇಳಬೇಕು, ಸಾಬಣ್ಣ ಸರಿ ಎಂದರೆ ಹಸಿರು ಗುರುತು ಒತ್ತಬೇಕು, ಒತ್ತಿದ ಮೇಲೆ ಅದು ಹೈದರಾಬಾದಿಗೆ ಹೋಗುತ್ತದೆ. ಮೊದಲ ದಿನವೇ ಅವಳು ಓದುತ್ತ ಕಿಸಕ್ಕನೆ ನಕ್ಕಳು.

"ಯಾಕವ್ವ?"

"ಗಂಡು ಬಡಿದಾಡುತ್ತಿದ್ದರೆ ಒಳಗೆ ಎಲ್ಲವೂ ಸರಿಯಾಗಿದೆ ಎಂದರ್ಥ. ಹಿಂಗ ಬರದದ ಕಾಕಾ."

"ಗಂಡಲ್ಲ, ಗುಂಡು! ಗಂಡು ಬಡದಾಡಿದ್ರ ಮನ್ಯಾಗ ಏನು ಸರಿ ಇರ್ತದ? ಯಂಕಮ್ಮಗ ಕೇಳು, ಹೇಳ್ತಾಳ." ಯಂಕಮ್ಮ ಅವನ ಹೆಂಡತಿ.

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಸಾಬಣ್ಣ ಒಂದೊಂದು ಮಾತನ್ನೂ ಎರಡೆರಡು ಸಲ ಓದಿಸಿದ. "ಈ ನಿನ್ನ ಮಶೀನಿಗೆ ನಮ್ಮ ಕಡಿ ಕಿವಿ ಇಲ್ಲ" ಎನ್ನುತ್ತಿದ್ದ. ಇಪ್ಪತ್ತನಾಲ್ಕು ಮಾತುಗಳು ಹೀಗೆ ತಿದ್ದಿಸಿಕೊಂಡು ಹಸಿರಾದವು. ಕೊನೆಯ ಹದಿನೇಳನ್ನು ಅವನು ಒಂದೇ ದಿನ ಹೇಳಿ ಮುಗಿಸಿದ, ಓದಿಸುವುದು ಮರುದಿನಕ್ಕೆ ಉಳಿಯಿತು.

ಆ ಮರುದಿನ ಬೆಳಿಗ್ಗೆ ಗುತ್ತಿಗೆದಾರ ಸುದ್ದಿ ತಂದ. ಸಾಬಣ್ಣನೂ ಸೇರಿ ಟಾವರಿನ ಹಳೆಯ ಆರು ಜನರ ಗೇಟ್ ಪಾಸು ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದೆ ಇಲ್ಲ. ಪ್ಯಾಕಿಂಗ್ ವಿಭಾಗದ ಪ್ರಾಯದ ಹುಡುಗರನ್ನು ಟಾವರಿಗೆ ಹಾಕುತ್ತಾರೆ. ಈಗ ಟ್ಯಾಬ್ ಇದೆಯಲ್ಲ, ಯಾರಾದರೂ ಮಾಡಬಹುದು.

ಅತೀಯಾ ಟ್ಯಾಬ್ ಹಿಡಿದು ಬಂದಾಗ ಸಾಬಣ್ಣನ ಮುಖ ಕಪ್ಪಾಗಿತ್ತು.

"ಕಾಕಾ, ಹದಿನೇಳು ಉಳದಾವ್ರಿ. ಓದ್ತೀನಿ, ಕೇಳ್ರಿ."

"ಏನ್ ಕೇಳೂದದ? ತಲಿ ಸುಲದು ತಕ್ಕೊಂಡ್ರಿ, ಇನ್ನ ತೊಗಲೂ ಬೇಕೇನು?"

"ನನಗ ಖರೇನೇ ಗೊತ್ತಿದ್ದಿಲ್ಲ ಕಾಕಾ. ಅಲ್ಲಾನಾಣಿ ಗೊತ್ತಿದ್ದಿಲ್ಲ. ಒಮ್ಮಿ ಕೇಳಿಬಿಡ್ರಿ, ತಪ್ಪಿದ್ದರ..."

"ತಪ್ಪಿದ್ದರ ನಿಮ್ಮ ಸಾಹೇಬರಿಗೆ ಇರಲಿ. ಕೊಡಿಲ್ಲಿ!"

ಟ್ಯಾಬ್ ಕಿತ್ತುಕೊಂಡು, ಹೆಬ್ಬೆರಳಿನಿಂದ ಹೇನು ಕುಕ್ಕಿದ ಹಾಗೆ ಹಸಿರು ಗುರುತಿನ ಮೇಲೆ ಕುಕ್ಕಿದ. ಹದಿನೇಳು ಸಲ. ಟ್ಯಾಬ್ ಅವಳ ಮಡಿಲಿಗೆ ಎಸೆದು, ಟೊಪ್ಪಿಗೆ ಎತ್ತಿಕೊಂಡು ಹೊರಟುಹೋದ.

ಟಾವರಿಗೆ ಬಂದ ಹೊಸಬರಲ್ಲಿ ಚೌಡೇಶನೂ ಒಬ್ಬ. ಸಾಬಣ್ಣನ ತಂಗಿಯ ಮಗ, ಮಗಳು ಅಂಬುಜಾಳ ಗಂಡ, ಎಂಟು ವರ್ಷದಿಂದ ಪ್ಯಾಕಿಂಗಿನಲ್ಲಿದ್ದವನು. ಸುದ್ದಿ ಕೇಳಿದ ಸಂಜೆ ಸಾಬಣ್ಣ ಅಳಿಯನ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಾಡಿದ.

"ನನ್ನ ಅನ್ನದ ಗಂಗಾಳದಾಗ ಕೈ ಹಾಕಿದಿ! ನಾಚಿಕಿ ಬರಂಗಿಲ್ಲ ನಿನಗ?"

"ನಾ ಒಲ್ಲೆ ಅಂದ್ರ ಮತ್ತೊಬ್ಬನ್ನ ಹಾಕ್ತಾರ ಮಾಮಾ. ನೀವು ಬರ್ರಿ, ಕುಂದ್ರಿ, ಕೆಲಸದ ಮಾತು ಹೇಳಿಕೊಡ್ರಿ ನನಗ..."

"ಆ ಟ್ಯಾಬಿಗೆ ಕೇಳು! ಅದೇ ನಿನಗ ಮಾವ!"

ಅಷ್ಟು ಹೇಳಿ ಬಂದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅಂಬುಜಾ ತವರಿಗೆ ಬಂದಾಗೊಮ್ಮೆ ಹೇಳುತ್ತಿದ್ದಳು: "ಅಪ್ಪಾ, ಅವರು ದಿನಾ ನಿನ್ನ ಮಾತೇ ಓದ್ತಾರ. ಮಾಮಾ ಹೇಳ್ಯಾರ ಅಂದ್ರ ಕಣ್ಣು ಮುಚ್ಚಿ ಮಾಡಬೇಕು ಅಂತಾರ." ಸಾಬಣ್ಣ ಮುಖ ತಿರುಗಿಸುತ್ತಿದ್ದ. ಒಳಗೊಳಗೆ ಮಾತ್ರ ಒಂದಿಷ್ಟು ತಂಪಾಗುತ್ತಿತ್ತು.

ಮೂರು ತಿಂಗಳು ಕಳೆದವು. ಒಂದು ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸಾಬಣ್ಣ ಕಂಪನಿಯ ಗೇಟಿಗೆ ಹೋದ. ಇಪ್ಪತ್ತಾರು ವರ್ಷ ದುಡಿದದ್ದಕ್ಕೆ ಒಂದು ಕಾಗದ ಬೇಕಿತ್ತು, ಬೇರೆ ಕಡೆ ಕೆಲಸ ಕೇಳಲು. ಗೇಟಿನ ಗಾರ್ಡ್ ಅಮೀರ್ ಅಲಿ ಅವನ ಹಳೆಯ ಗೆಳೆಯ.

"ಬಾರೋ ಸಾಬಣ್ಣ, ನೋಡಿಲ್ಲಿ, ಹೀರೋ ಆಗೀದಿ!" ಎಂದು ಗೋಡೆ ತೋರಿಸಿದ.

ಗೋಡೆಯ ಮೇಲೆ ಆಳೆತ್ತರದ ಹೊಸ ಬೋರ್ಡು, ಅದರಲ್ಲಿ ಸಾಬಣ್ಣನ ಫೋಟೊ. ತಲೆಯ ಮೇಲೆ 'ಅನುಭವ ಕಣಜದ ಗುರು'. ಹೈದರಾಬಾದಿನ ಸಾಹೇಬರು ಯೋಜನೆ ನೋಡಲು ಅವತ್ತೇ ಬಂದಿದ್ದರು, ಅದಕ್ಕೆ ಅವಸರದಲ್ಲಿ ಹಾಕಿದ್ದರು. ಫೋಟೊದ ಕೆಳಗೆ ದೊಡ್ಡ ಅಕ್ಷರದಲ್ಲಿ ಅವನ ಮಾತು. ಸಾಬಣ್ಣ ನಾಲ್ಕನೆಯ ಇಯತ್ತೆಯ ಕನ್ನಡದಲ್ಲಿ ಬೆರಳಿಟ್ಟು ಓದಿದ.

'ಬಾಗಿಲಿನಲ್ಲಿ ಗ್ಯಾಪ್ ಇದ್ದರೆ ಮುಂದೆ ನಿಲ್ಲಬೇಡಿ. ಗ್ಯಾಪ್ ಇಲ್ಲದಿದ್ದರೆ ಬಾಗಿಲು ತೆರೆದು ಕೆಲಸ ಮುಂದುವರಿಸಿ.'

"ಗ್ಯಾಪ್ ಅಂದ್ರೇನೋ ಅಮೀರಾ?"

"ಸಂದು. ಸಂದಿ ಬಿಟ್ಟಿರ್ತದಲ್ಲ, ಅದು."

"ನಾ ಯಾವ ಸಂದು ಹೇಳೀನಿ?" ಎಂದ ಸಾಬಣ್ಣ. ಇನ್ನೊಮ್ಮೆ ಓದಿದ. ಬೆರಳು ಆ ಅಕ್ಷರದ ಮೇಲೆಯೇ ನಿಂತಿತು. ಅವನು ಹೇಳಿದ್ದು 'ಗುಂಡು ಗಪ್ ಆತಂದ್ರ ಬಾಗಿಲ ಮುಂದ ನಿಲ್ಲಬ್ಯಾಡ'. ಮಶೀನು ಗಪ್ಪನ್ನು ಗ್ಯಾಪ್ ಮಾಡಿತ್ತು. ಗುಂಡನ್ನು ಬಿಟ್ಟೇಬಿಟ್ಟಿತ್ತು. ಹೈದರಾಬಾದಿನಲ್ಲಿ ಕುಳಿತ ಯಾವನೋ ಜಾಣ, ಮಾತು ಅರ್ಧ ಆಯಿತೆಂದು ಕೆಳಗಿನ ಸಾಲನ್ನು ತಾನೇ ಸೇರಿಸಿದ್ದ. ಬಾಗಿಲಿಗೆ ಸಂದು ಇಲ್ಲ, ತೆರೆ. ಗುಂಡು ಗಪ್ ಇದ್ದರೂ ತೆರೆ.

"ಇದು ಕೊಲ್ಲತದ" ಎಂದ. "ಅಮೀರಾ, ಇದು ಕೊಲ್ಲತದೋ! ಒಳಗ ಬಿಡು ನನ್ನ."

"ಪಾಸಿಲ್ಲಲ್ಲೋ. ಇವತ್ತು ದೊಡ್ಡ ಸಾಹೇಬರು ಬಂದಾರ, ಬಿಟ್ರ ನನ್ನ ನೌಕರಿ ಹೋಗ್ತದ."

ಸಾಬಣ್ಣ ಅತೀಯಾಗೆ ಫೋನು ಮಾಡಿ ಬೋರ್ಡಿನ ಮಾತು ಓದಿ ಹೇಳಿದ. ಅವಳು ಒಳಗೆ ಆಫೀಸಿನಲ್ಲಿದ್ದಳು. ಕೇಳಿದ ಮೇಲೆ ಅವಳ ದನಿ ಸಣ್ಣದಾಯಿತು.

"ಯಾ ಅಲ್ಲಾ. ಆ ಹದಿನೇಳರಾಗಿಂದು ಇದು, ಕಾಕಾ."

"ಅಳಿಸು ಅದನ್ನ! ಈಗಿಂದೀಗ ಅಳಿಸು!"

"ನನ್ನ ಕೈಯಾಗಿಲ್ರಿ. ಹೈದರಾಬಾದಿಗೆ ಅರ್ಜಿ ಹಾಕಬೇಕು, ಐದು ದಿನ ಬೇಕಂತ ತೋರಿಸ್ತದ. ಕಾಶೀನಾಥ ಸರ್ ಮೀಟಿಂಗಿನ್ಯಾಗದಾರ, ಫೋನ್ ಬಂದ್..."

"ಏನು ಮೀಟಿಂಗು?"

"ಅನುಭವ ಕಣಜದ್ದೇರಿ."

ಅಷ್ಟರಲ್ಲಿ ಗೇಟಿನ ಕಂಬದ ಮೇಲಿನ ಭೋಂಗಾ ಗೊರಗುಟ್ಟಿತು: "ಟಾವರ್ ನಾಲ್ಕನೆಯ ಮಾಳಿಗೆ, ಸೈಕ್ಲೋನ್ ಜಾಮ್. ಪಾಳಿಯ ತಂಡ ಕೂಡಲೇ ಹೋಗಬೇಕು."

ಸೋಮವಾರ ಬೆಳಿಗ್ಗೆಯ ಪಾಳಿ ಚೌಡೇಶನದು.

"ನಾ ಓಡ್ತೀನಿ ಕಾಕಾ" ಎಂದಳು ಅತೀಯಾ. ಫೋನು ಕಟ್ಟಾಯಿತು. ಆಫೀಸಿನಿಂದ ಟಾವರಿನ ಬುಡಕ್ಕೇ ಏಳು ನಿಮಿಷದ ಹಾದಿ, ಆಮೇಲೆ ನಾಲ್ಕು ಮಾಳಿಗೆ.

ಸಾಬಣ್ಣ ಗೇಟಿನ ಸರಳು ಹಿಡಿದು ಅಲುಗಾಡಿಸಿದ. ಗಾರ್ಡ್ ಕೋಣೆಯಿಂದ ಇನ್ನಿಬ್ಬರು ಬಂದು ಅವನನ್ನು ಹಿಂದಕ್ಕೆ ನೂಕಿದರು. ಅಮೀರ್ ಅಲಿ ಒಳಗಿನ ಫೋನಿನಲ್ಲಿ ಕಂಟ್ರೋಲ್ ರೂಮಿಗೆ ಹಚ್ಚಿದ, ಅದು ಎಂಗೇಜ್. ಸಾಬಣ್ಣ ಚೌಡೇಶನಿಗೆ ಹಚ್ಚಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಹಚ್ಚಿದ. ಅತ್ತ ಕಡೆಯಿಂದ ಕಟ್ ಮಾಡಿದರು. ಮೂರು ತಿಂಗಳು ಮಾತಿಲ್ಲದ ಮಾವನ ಫೋನು, ಯಾಕೆ ಎತ್ತುತ್ತಾನೆ? ಮೂರನೆಯ ಸಲವೂ ಕಟ್.

"ಎತ್ತೋ ನನ್ನಪ್ಪಾ, ಎತ್ತೋ" ಎಂದು ಸಾಬಣ್ಣ ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. "ಬೈತೀಯೇನು ಬೈಯಿ, ಹೊಡಿತೀಯೇನು ಹೊಡಿ, ಎತ್ತೋ!"

ಅಮೀರ್ ಅಲಿ ತನ್ನ ಫೋನು ಅವನ ಕೈಗಿಟ್ಟ. "ನನ್ನದ್ರಾಗ ಹಚ್ಚು. ಗೇಟಿನ ನಂಬರು, ಎತ್ತೇ ಎತ್ತತಾನ."

ಎತ್ತಿದ. ಗಾಳಿ ಊದುವ ಬ್ಲೋವರಿನ ಮೊರೆತದ ನಡುವೆ ಚೌಡೇಶನ ದನಿ. "ಯಾರು? ಜಾಮ್ ಆಗ್ಯದ, ಲಗೂ ಹೇಳ್ರಿ."

"ಚೌಡ್ಯಾ, ನಾನು! ಬಾಗಲಾ ತೆರಿಬ್ಯಾಡ!"

"ಏನು? ಕೇಳಸವಲ್ದು! ಮಾಮಾ ಏನ್ರಿ? ಸಂದಿಲ್ರಿ ಬಾಗಲಕ್ಕ, ನೋಡೀನಿ. ನೀವು ಹೇಳಿದಂಗೇ ಮಾಡಾಕತ್ತೀನಿ. ಇಬ್ಬರನ್ನ ಗಾಳಿ ಪೈಪು ತರಾಕ ಕೆಳಗ ಕಳಿಸೀನಿ, ನಾ ಬಾಗಲಾ..."

ಸಾಬಣ್ಣ ಅವನ ಮಾತು ಕೇಳಲಿಲ್ಲ, ಮಾತಿನ ಹಿಂದಿನ ಸದ್ದು ಕೇಳಿದ. ಬ್ಲೋವರಿತ್ತು. ಟಣ್ ಇರಲಿಲ್ಲ. ಇಪ್ಪತ್ತಾರು ವರ್ಷ ಕಿವಿಯಲ್ಲಿ ಬಡಿದ ಆ ಗುಂಡು ಗಪ್ ಆಗಿತ್ತು. ಅಪ್ಪ, ಬಲೆ, ಹೊಳೆ, ಎಲ್ಲ ಒಮ್ಮೆಗೇ ಗಂಟಲಿಗೆ ಬಂದವು.

"ಗಪ್!" ಎಂದು ಅರಚಿದ. "ಗಪ್! ಲೇ ಗಪ್! ಗಪ್ ಅದ!"

ಅತ್ತ ಕಡೆ ಕೇಳಿದ್ದು ಒಂದೇ ಮಾತು. ನಮ್ಮ ಕಡೆ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದನ್ನು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಬಾಯಿ ಮುಚ್ಚು.

"ನನಗ ಗಪ್ ಅಂತೀರಾ?" ಚೌಡೇಶನ ದನಿ ಏರಿತು. "ಮೂರು ತಿಂಗಳು ಮಾತಿಲ್ಲ ಕತಿಯಿಲ್ಲ, ಡ್ಯೂಟಿ ಮ್ಯಾಲ ಫೋನ್ ಹಚ್ಚಿ ಗಪ್ ಅಂತೀರಾ? ನಿಲ್ರಿ, ಇಲ್ಲಿ ಕೇಳಸಂಗಿಲ್ಲ, ಮೆಟ್ಲಕಡಿ ಬಂದು ಮಾತಾಡ್ತೀನಿ. ಇವತ್ತು ಒಂದು ಆಗೇಹೋಗಲಿ! ನಾ ಏನ್ ನಿಮ್ಮ..."

ಅಲ್ಲಿಗೆ ಒಂದು ಸದ್ದಾಯಿತು. ಗೇಟಿನವರೆಗೂ ಕೇಳಿತು. ಟಾವರಿನ ನಾಲ್ಕನೆಯ ಮಾಳಿಗೆಯಿಂದ ಕೆಂಪು ಧೂಳು ಹೊರಬಿದ್ದು, ಗಾಳಿಗೆ ಬೂದಿಯಾಗಿ ಹರಡಿತು. ಫೋನಿನಲ್ಲಿ ಮೊದಲು ಒಂದು ಚೀರು, ಆಮೇಲೆ ಏನೂ ಇಲ್ಲ.

ಚೌಡೇಶ ಬದುಕಿದ. ಬಾಗಿಲ ತಿರುಪು ಅರ್ಧ ಬಿಚ್ಚಿಟ್ಟು ಬಂದಿದ್ದ, ಉಳಿದರ್ಧವನ್ನು ಒಳಗಿನ ಹಿಟ್ಟು ತಾನೇ ಕಿತ್ತುಕೊಂಡು ಬಂದಿತ್ತು. ಜಗಳಕ್ಕೆಂದು ಮೆಟ್ಟಿಲ ಕಡೆ ಅವನು ನಡೆದ ಹೆಜ್ಜೆ ಹತ್ತೋ ಹನ್ನೆರಡೋ, ಅಷ್ಟೇ. ಬಲಗಾಲು ಮೊಣಕಾಲಿನವರೆಗೆ ಬೆಂದಿತ್ತು. ಆ ಹೊತ್ತಿಗೆ ಅತೀಯಾ ಎರಡನೆಯ ಮಾಳಿಗೆಯ ಮೆಟ್ಟಿಲಲ್ಲಿದ್ದಳು. ಅವನನ್ನು ಹೊತ್ತು ಇಳಿಸಿದವರಲ್ಲಿ ಅವಳೂ ಒಬ್ಬಳು.

ಕಲಬುರಗಿಯ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಚೌಡೇಶ ಕಣ್ಣು ತೆರೆದು, ಮಾವನನ್ನು ನೋಡಿ ಹೇಳಿದ: "ಸಿಟ್ಟಿಗೆದ್ದು ಬಂದೆ ಮಾಮಾ. ಬೈದುಬಿಡಬೇಕು ಅಂತ ಬಂದೆ."

"ಬೈಯೋ ಮಾರಾಯ, ಈಗ ಬೈಯಿ."

"ಏನು ಬೈಬೇಕಂತಿದ್ದೆ ಅಂಬೂದೇ ಮರ್ತುಹೋಗ್ಯದ ನೋಡ್ರಿ" ಎಂದು ಅವನು ನಕ್ಕ. ಕಾಲಿನ ಉರಿಗೆ ನಗು ಅರ್ಧಕ್ಕೇ ನಿಂತಿತು. ಅಂಬುಜಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳು ಅಪ್ಪನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದಳು: "ನಿನ್ನ ಮಾತು ಅಂತ ನಂಬಿದ್ರಲ್ಲಪ್ಪಾ. ನೀನು ಓದದೇ ಒತ್ತಿದ್ಯಾ?"

ಸಾಬಣ್ಣ ತನ್ನ ಹೆಬ್ಬೆರಳು ನೋಡಿಕೊಂಡ.

ಹದಿನೈದು ದಿನಕ್ಕೆ ಕಂಪನಿಯ ವಿಚಾರಣೆ ಮುಗಿಯಿತು. ಕಾರಣ: ಕೆಲಸದ ವೇಳೆಯಲ್ಲಿ ಕಾರ್ಮಿಕ ಫೋನಿನಲ್ಲಿ ಮಾತನಾಡುತ್ತಿದ್ದುದು. ಚೌಡೇಶನನ್ನು ಬದುಕಿಸಿದ ಆ ಫೋನೇ ಅವನ ತಪ್ಪಾಯಿತು. ಅವನ ಪಾಸೂ ರದ್ದು.

ಅತೀಯಾ ಹಾಕಿದ ಅರ್ಜಿಗೂ ಹೈದರಾಬಾದಿನಿಂದ ಉತ್ತರ ಬಂತು. ಅವಳು ಸಾಬಣ್ಣನ ಮನೆಗೇ ಬಂದು, ಚಾಪೆಯ ಮೇಲೆ ಕುಳಿತು, ತಲೆ ಎತ್ತದೆ ಓದಿ ಹೇಳಿದಳು. ಈ ಮಾತನ್ನು ಅನುಭವಿ ಕಾರ್ಮಿಕರೇ ಸ್ವತಃ ಒಪ್ಪಿದ್ದಾರೆ, ದಿನಾಂಕ ಮತ್ತು ಸಮಯ ದಾಖಲಾಗಿದೆ, ಆದ್ದರಿಂದ ಬದಲಾವಣೆ ಅಗತ್ಯವಿಲ್ಲ. ಬದಲಾಯಿಸಲೇಬೇಕೆಂದರೆ ಅದೇ ಕಾರ್ಮಿಕರು ತಮ್ಮ ಪಾಸಿನ ನಂಬರಿನಿಂದ ಕೋರಿಕೆ ಸಲ್ಲಿಸಬೇಕು.

"ಪಾಸು ಎಲ್ಲದ ನನಗ?" ಎಂದ ಸಾಬಣ್ಣ.

"ಅದನ್ನೂ ಕೇಳೀನಿ ಕಾಕಾ. ಪಾಸು ಇಲ್ಲದವರದ್ದು ತಗೊಳ್ಳಂಗಿಲ್ಲಂತ. ಮತ್ತ ಬರದೀನಿ. ನಮ್ಮ ಒಂದು ಫ್ಯಾಕ್ಟರಿ ಅಲ್ರಿ ಇದು. ಹನ್ನೊಂದೂ ಕಡಿ ಇದೇ ಓದಾಕತ್ತಾರ. ಕಾಶೀನಾಥ ಸರ್ ನನಗ, ಭಾಳ ಎಳಿಬ್ಯಾಡ, ನೀ ಹೊಸಾಕಿ ಅದಿ, ಅಂದ್ರು."

ಸಾಬಣ್ಣನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ವರ್ಷ ಕರೆಯದೇ ಬರುತ್ತಿದ್ದ ಸಿಟ್ಟು ಬೇಕಾದ ಹೊತ್ತಿಗೆ ಎಲ್ಲಿ ಹೋಯಿತೋ. ಯಂಕಮ್ಮ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು.

ಮರುದಿನ ಅವನು ಒಂದು ಹಳೆಯ ಮೊಳೆ ಹಿಡಿದು ಗೇಟಿಗೆ ಹೋದ. ಬೋರ್ಡಿನ ಮುಂದೆ ನಿಂತು, ಕೆಳಗಿನ ಸಾಲನ್ನು ಪೂರ್ತಿ ಕೆರೆದುಹಾಕಿದ. ಮೇಲಿನ ಸಾಲಿನಲ್ಲಿ 'ಗ್ಯಾ' ಅಕ್ಷರದ ಕೆಳಗಿನ ಒತ್ತು ಕೆರೆದ, ಮಗ್ಗುಲಿನ ದೀರ್ಘ ಕೆರೆದ. ಗ ಉಳಿಯಿತು, ಪ್ ಉಳಿಯಿತು. ಅಮೀರ್ ಅಲಿ ಅಷ್ಟು ಹೊತ್ತೂ ಲಾರಿಯ ನಂಬರು ಬರೆದುಕೊಳ್ಳುವವನಂತೆ ಬೆನ್ನು ತಿರುಗಿಸಿ ನಿಂತಿದ್ದ.

ಒಂದು ವಾರಕ್ಕೆ ಕಂಪನಿಯವರು ಹೊಸ ಬೋರ್ಡು ಹಾಕಿದರು, ಈ ಸಲ ಗಾಜಿನ ಒಳಗೆ. ಫೋಟೊ ಅದೇ, ಮಾತೂ ಅದೇ. ಗ್ಯಾಪ್.

ಅವತ್ತಿನಿಂದ ಸಾಬಣ್ಣ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹೊರಗೆ, ರಸ್ತೆಯ ಬೇವಿನ ಗಿಡದ ಕೆಳಗೆ ನಿಲ್ಲುತ್ತಾನೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ. ಟಾವರಿನ ಹಳದಿ ಟೊಪ್ಪಿಗೆಯವರು ಕಂಡರೆ ಅಡ್ಡ ಹೋಗುತ್ತಾನೆ. "ತಮ್ಮಾ, ಒಂದು ಮಾತು. ಗುಂಡು ಗಪ್ ಆದ್ರ ಬಾಗಲಾ ಮುಟ್ಟಬ್ಯಾಡ್ರಿ. ಟ್ಯಾಬಿನ್ಯಾಗಿನ ಮಾತು ನಂದಲ್ಲ." ಕೆಲವರು ನಿಂತು ಕೇಳುತ್ತಾರೆ. ಕೆಲವರು ಬಿಹಾರದ ಕಡೆಯವರು, ಅವರಿಗೆ ಹಿಂದಿಯಲ್ಲಿ ತೊದಲುತ್ತಾನೆ. ಕೆಲವರು ಕಿವಿಗೆ ವೈರು ಸಿಕ್ಕಿಸಿಕೊಂಡು ತಲೆಯಾಡಿಸಿ ಹೋಗುತ್ತಾರೆ. ಮೊನ್ನೆ ಒಬ್ಬ ಹೊಸ ಹುಡುಗ ಗಾಜಿನ ಒಳಗಿನ ಫೋಟೊ ನೋಡಿ, ಇವನನ್ನು ನೋಡಿ, "ಅರೆ, ನೀವೇ ಅಲ್ರಿ ಗುರುಗಳು? ನಿಮ್ಮ ಗ್ಯಾಪಿನ ಮಾತು ನನಗ ಬಾಯಿಪಾಠ ಅದ!" ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ. ಸಾಬಣ್ಣ ಅವನ ಎರಡೂ ರಟ್ಟೆ ಹಿಡಿದುಕೊಂಡು ಹೇಳತೊಡಗಿದ, ಅಷ್ಟರಲ್ಲಿ ಸೈರನ್ ಕೂಗಿತು. ತಡವಾದರೆ ಅರ್ಧ ಹಾಜರಿ. ಹುಡುಗ ಬಿಡಿಸಿಕೊಂಡು ಒಳಗೆ ಓಡಿದ.

ಗೇಟಿನಿಂದ ನಾಲ್ಕನೆಯ ಮಾಳಿಗೆಯ ಗುಂಡಿನ ಸದ್ದು ಕೇಳುವುದಿಲ್ಲ. ಅದು ಸಾಬಣ್ಣನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಸೈರನ್ ನಿಂತ ಮೇಲೆ ಒಂದು ತಾಸು ಅಲ್ಲೇ ನಿಂತಿರುತ್ತಾನೆ, ಟಾವರಿನ ಕಡೆ ಕಿವಿ ಕೊಟ್ಟು.